43ಕ್ಕೆ 8, 47ಕ್ಕೆ 11, 39ಕ್ಕೆ 8: ಹಳೇ ಜೀಪಿಗೆ ಮೂರು ಕ್ರೌನ್ ಹಾಕಿ ನೋಡಿದ್ದು

"ಅದೇ ಜೀಪಿನದು, ನಾಲ್ಕು ಬೋಲ್ಟ್ ಬಿಚ್ಚಿ ಹಾಕಿದ್ರೆ ಆಯ್ತು" ಎಂದಿದ್ದ, ಜೀಪಿನ ಹಿಂದಿನ ಆಕ್ಸಲ್ ಕೊಟ್ಟ ಗುಜರಿಯವನು. ಬೋಲ್ಟೇನೋ ಸರಿಯಾಗಿಯೇ ಕೂತವು. ಒಳಗಿನ ಹಲ್ಲು ಎಣಿಸಬೇಕಿತ್ತು ಎಂಬ ಬುದ್ಧಿ ಬಂದದ್ದು ಆಮೇಲೆ.

ನಮ್ಮದು ಶಿರಸಿ ಕಡೆಯ ತೋಟದ ಮನೆಯ ಹಳೇ ಮಹೀಂದ್ರಾ ಜೀಪು, ಫೋರ್ ವೀಲ್ ಡ್ರೈವ್. ಹುಟ್ಟಿನಲ್ಲಿ ಪೆಟ್ರೋಲ್ ಎಂಜಿನ್. ಅಪ್ಪನ ಕಾಲದಲ್ಲೇ ಅದನ್ನು ತೆಗೆದು 2112 ಸಿಸಿಯ ಪ್ಯೂಜೋ ಡೀಸೆಲ್ ಎಂಜಿನ್ ಕೂರಿಸಿದ್ದರು. ಹಿಂದಿನ ಕ್ರೌನ್ (ಚಕ್ರಗಳನ್ನು ತಿರುಗಿಸುವ, ಆಕ್ಸಲ್ ಒಳಗಿನ ದೊಡ್ಡ ಹಲ್ಲಿನ ಗಾಲಿ) ಮಾತ್ರ ಪೆಟ್ರೋಲ್ ಕಾಲದ್ದೇ: ಕ್ರೌನಿಗೆ 43 ಹಲ್ಲು, ಶಾಫ್ಟಿನ ತುದಿಯಲ್ಲಿ ಅದನ್ನು ತಿರುಗಿಸುವ ಸಣ್ಣ ಪಿನಿಯನ್‌ಗೆ 8. ಅಂದರೆ 5.38. ಚಕ್ರ ಒಂದು ಸುತ್ತು ಬರಲು ಎಂಜಿನ್ ಕಡೆಯಿಂದ ಬರುವ ಶಾಫ್ಟ್ ಐದೂ ಕಾಲಿಗಿಂತ ಜಾಸ್ತಿ ಸುತ್ತಬೇಕು.

ತೋಟದ ದಾರಿಗೆ ಇದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಅಡಿಕೆ ಮೂಟೆ ಹೇರಿಕೊಂಡು ಏರು ಹತ್ತುವಾಗ ಎಂಜಿನ್ ಏದುಸಿರು ಬಿಡುವುದೇ ಇಲ್ಲ. ಕಷ್ಟ ಶುರುವಾಗುವುದು ಘಟ್ಟ ಇಳಿದು ಕುಮಟಾ ದಾಟಿ ಕಾರವಾರದ ಕಡೆ ಹೈವೇ ಹಿಡಿದಾಗ. ನನ್ನ 16 ಇಂಚಿನ ಟೈರಿನ ಲೆಕ್ಕಕ್ಕೆ, ಟಾಪ್ ಗೇರಿನಲ್ಲಿ 60 ಕಿಮೀ ವೇಗಕ್ಕೇ ಎಂಜಿನ್ ನಿಮಿಷಕ್ಕೆ ಸುಮಾರು 2400 ಸುತ್ತು ತಿರುಗುತ್ತದೆ. 80 ಅಂದರೆ 3200. ಅಂಕೋಲಾ ಬರುವಷ್ಟರಲ್ಲಿ ಕಿವಿ ಗುಂಯ್ ಎನ್ನುತ್ತದೆ, ಪಕ್ಕದವರ ಹತ್ತಿರ ಮಾತಾಡಲು ಕೂಗಬೇಕು.

ಹಾಗಾಗಿ ಗುಜರಿಯಿಂದ ಇಡೀ ಹಿಂದಿನ ಹೌಸಿಂಗ್, ಅಂದರೆ ಕ್ರೌನು ಪಿನಿಯನ್ನು ಒಳಗಿರುವ ಆಕ್ಸಲ್ ಕವಚ, ತಂದೆ. ಒಂದೇ ದಿನದ ಕೆಲಸ. ಯೂ ಬೋಲ್ಟ್, ಬ್ರೇಕ್ ಪೈಪ್, ಶಾಫ್ಟ್ ಜಾಯಿಂಟ್, ಮುಗೀತು. ಹೈವೇಯಲ್ಲಿ ಜೀಪು ಬೇರೆ ಗಾಡಿಯೇ ಆಗಿಬಿಟ್ಟಿತು, ಅಷ್ಟು ತಣ್ಣಗೆ ಓಡಿತು. ಎರಡು ದಿನ ಊರೆಲ್ಲ ಹೇಳಿಕೊಂಡು ತಿರುಗಿದೆ. ಮೂರನೇ ದಿನ ದೇವಿಮನೆ ಘಟ್ಟ ಹತ್ತುವಾಗ ಮೂರನೇ ಗೇರಿನಲ್ಲಿ ಬರುತ್ತಿದ್ದ ತಿರುವುಗಳಿಗೆಲ್ಲ ಎರಡಕ್ಕೆ ಇಳಿಸಬೇಕಾಯಿತು. ಹಿಂದೆ ಲಾರಿಯವನ ಹಾರ್ನ್ ಬೇರೆ.

ನಿಜವಾದ ಪಾಠ ಮಳೆಗಾಲದಲ್ಲಿ ಆಯಿತು. ಮನೆಯ ಏರಿನ ಕೆಸರಿನಲ್ಲಿ ಫೋರ್ ವೀಲ್ ಹಾಕಿದೆ. ಕೆಸರಿರುವ ತನಕ ಚಕ್ರ ಜಾರಿಕೊಂಡು ಹೇಗೋ ಹೋಯಿತು. ಮೇಲೆ ಗಟ್ಟಿ ಚಿರೆಕಲ್ಲು ಸಿಕ್ಕಿದ್ದೇ ತಡ, ಯಾರೋ ಬ್ರೇಕ್ ಒತ್ತಿದ ಹಾಗೆ ನಡುಗಿ ನಿಂತಿತು. ಲಿವರ್ ಎಳೆದರೆ ಬರಲಿಲ್ಲ. ನಾಲ್ಕಡಿ ರಿವರ್ಸ್ ಬಂದ ಮೇಲೆ ಬಿಟ್ಟುಕೊಂಡಿತು. ಆಗ ಹಿಂದಿನ ಕವರ್ ಬಿಚ್ಚಿ ಎಣಿಸಿದೆ: 47ಕ್ಕೆ 11. ಅಂದರೆ 4.27. ಮುಂದಿನದು ಇನ್ನೂ 5.38. ಈ ಜೀಪುಗಳಲ್ಲಿ ಫೋರ್ ವೀಲ್ ಹಾಕಿದರೆ ಎರಡು ಶಾಫ್ಟೂ ಒಂದೇ ವೇಗದಲ್ಲಿ ತಿರುಗುತ್ತವೆ, ಮಧ್ಯೆ ವೇಗದ ವ್ಯತ್ಯಾಸ ಸರಿದೂಗಿಸುವ ಇನ್ನೊಂದು ಡಿಫರೆನ್ಷಿಯಲ್ ಇಲ್ಲ. ಮುಂದಿನ ಚಕ್ರ ನಾಲ್ಕು ಸುತ್ತು ಬರುವಷ್ಟರಲ್ಲಿ ಹಿಂದಿನದು ಐದು ಸುತ್ತು ಹೋಗಬೇಕು ಎಂದರೆ ನೆಲ ಒಪ್ಪುತ್ತದೆಯೇ? ಟಾರು ರಸ್ತೆಯಲ್ಲಿ ಹಾಕಿದ್ದರೆ ಎರಡು ಶಾಫ್ಟಿಗೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸೇ ಹೋಗುತ್ತಿತ್ತೇನೋ.

ಕವರ್ ಬಿಚ್ಚದೆಯೂ ಪತ್ತೆ ಮಾಡಬಹುದಿತ್ತು. ಸಪಾಟು ಅಂಗಳದಲ್ಲಿ ಮುಂದಿನ ಚಕ್ರಕ್ಕೆ ಅಡ್ಡ ಕಲ್ಲು ಕೊಡಿ. ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್ ಮಾಡಿ. ಹಿಂದಿನ ಒಂದೇ ಚಕ್ರ ಜಾಕ್ ಮೇಲೆ ಎತ್ತಿ. ಹ್ಯಾಂಡ್‌ಬ್ರೇಕ್ ಬಿಟ್ಟಿರಲೇಬೇಕು, ನಮ್ಮ ಜೀಪಿನಲ್ಲಿ ಅದು ಹಿಡಿಯುವುದೇ ಶಾಫ್ಟನ್ನು. ಇನ್ನೊಂದು ಚಕ್ರ ನೆಲದ ಮೇಲಿರುವುದರಿಂದ ಎತ್ತಿದ ಚಕ್ರ ಎರಡು ಸುತ್ತು ಬಂದರೆ ಕ್ರೌನ್ ಒಂದು ಸುತ್ತು. 16 ಸುತ್ತು ತಿರುಗಿಸಿ ಶಾಫ್ಟಿನ ಮೇಲೆ ಹಾಕಿದ ಸೀಮೆಸುಣ್ಣದ ಗೆರೆ ಎಷ್ಟು ಸಲ ಬಂತು ನೋಡಿ. 43 ಬಂದರೆ 5.38, 39 ಬಂದರೆ 4.88, 34ರ ಮೇಲೆ ಚೂರು ಬಂದರೆ 4.27. ಎಲ್ಲರೂ ಎರಡೇ ಸುತ್ತು ತಿರುಗಿಸಿ "ಐದರ ಹತ್ತಿರ" ಎಂದು ಬಿಟ್ಟುಬಿಡುತ್ತಾರೆ. ಐದರ ಹತ್ತಿರ ಇರುವುದು ಎರಡು, ಅಲ್ವಾ?

ಮೂರನೆಯ ಪ್ರಯತ್ನಕ್ಕೆ ಹೌಸಿಂಗ್ ತರಲಿಲ್ಲ. ನನ್ನ ಹಳೇ ಹೌಸಿಂಗ್ ವಾಪಸ್ ಹಾಕಿ ಅದರೊಳಗೆ 39-8ರ ಕ್ರೌನ್ ಪಿನಿಯನ್ ಕೂರಿಸಿದೆ. ಮುಂದಕ್ಕೂ ಅದೇ ಅನುಪಾತದ್ದು ಹುಡುಕಿದೆ. ಮುಂದಿನ ಡಿಫರೆನ್ಷಿಯಲ್ ಸಣ್ಣದು, ಹಿಂದಿನ ಕ್ರೌನ್ ಅಲ್ಲಿಗೆ ಹೊಂದುವುದಿಲ್ಲ. ಖರ್ಚು ಎರಡೂವರೆ ಪಟ್ಟು. ಸಮಯದ ಮಾತು ಬೇಡ. ಕ್ರೌನು ಪಿನಿಯನ್ನು ಯಾವತ್ತೂ ಜೋಡಿಯಾಗಿಯೇ ಬರಬೇಕು, ಎರಡರ ಮೇಲೂ ಕೊರೆದ ಜೋಡಿ ನಂಬರ್ ಒಂದೇ ಇರಬೇಕು. ಆಕ್ಸಲ್ ಶಾಫ್ಟಿನ ಸ್ಪ್ಲೈನ್ (ತುದಿಯ ಉದ್ದ ಹಲ್ಲುಗಳು) ಕೂಡ ಎಣಿಸಿಕೊಳ್ಳಿ. 10ರದ್ದೂ ಇವೆ, 19ರದ್ದೂ ಇವೆ.

ಮೊದಲ ಸಲ ಜೋಡಿಸಿದಾಗ 50ರಲ್ಲಿ ಆಕ್ಸಿಲರೇಟರ್ ಬಿಟ್ಟರೆ ಕೊಂಯ್ ಎಂದು ಕೂಗುತ್ತಿತ್ತು. ಕುಮಟಾದ ಹಳೇ ಮೇಸ್ತ್ರಿ ಬಿಚ್ಚಿಸಿ, ಹಲ್ಲಿಗೆ ಹಳದಿ ಪೇಸ್ಟ್ ಬಳಿದು ತಿರುಗಿಸಿದರು. ಗುರುತು ಹಲ್ಲಿನ ಬುಡದಲ್ಲಿ ಬಿದ್ದಿತ್ತು. ಪಿನಿಯನ್ ಜಾಸ್ತಿ ಒಳಗೆ ಹೋಗಿದೆ ಎಂದರು. ಅಂತರ ಹೊಂದಿಸಲು ಇಡುವ ಬಿಲ್ಲೆಗಳಲ್ಲಿ ಒಂದು ತೆಳು ಶಿಮ್ ತೆಗೆದು, ಹಲ್ಲುಗಳ ನಡುವಿನ ಸಡಿಲ 0.13ರಿಂದ 0.25 ಮಿಮೀ ಒಳಗೆ ಬರುವ ತನಕ ಬಿಡಲಿಲ್ಲ. ಆಮೇಲೆ ಸದ್ದಿಲ್ಲ.

ಹೋಗುವ ಮೊದಲು ಬ್ರೀದರ್, ಅಂದರೆ ಹೌಸಿಂಗ್ ಗಾಳಿಯಾಡುವ ಕಿಂಡಿ, ತೋರಿಸಿದರು. ಕಣಜ ಮಣ್ಣಿನ ಗೂಡು ಕಟ್ಟಿತ್ತು. ಬಿಸಿ ಡಿಫರೆನ್ಷಿಯಲ್ ಹಳ್ಳಕ್ಕೆ ಇಳಿದರೆ ತಣ್ಣಗಾಗಿ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ. ಬ್ರೀದರ್ ಮುಚ್ಚಿದ್ದರೆ ಸೀಲಿನ ಸಂದಿಯಿಂದ ನೀರು ಹೋಗುತ್ತದೆ. ನನ್ನ ಹಳೇ ಎಣ್ಣೆ ಹಾಲು ಚಹಾದ ಬಣ್ಣಕ್ಕೆ ಬಂದದ್ದು ಅದಕ್ಕೇ.

ಈಗ 60ಕ್ಕೆ ಎಂಜಿನ್ ಸುಮಾರು 2170 ಸುತ್ತು. 4.27ರ ಆರಾಮ ಇಲ್ಲ, 5.38ರ ಎಳೆತವೂ ಇಲ್ಲ. ಆದರೆ ದೇವಿಮನೆಯಲ್ಲಿ ಮೂರನೇ ಗೇರು ನಿಲ್ಲುತ್ತದೆ, ಕಾರವಾರಕ್ಕೆ ಹೋದರೆ ಕಿವಿಯೂ ಉಳಿಯುತ್ತದೆ. ಶಿರಸಿಗೂ ಕರಾವಳಿಗೂ ವಾರಕ್ಕೆರಡು ಸಲ ಓಡಾಡುವವನಿಗೆ ನಾನು ಇದನ್ನೇ ಹೇಳುವುದು. ಸ್ಪೀಡೋಮೀಟರ್ ಮಾತ್ರ ಸುಳ್ಳು ಹೇಳುತ್ತದೆ. ಅದರ ಕೇಬಲ್ ಟ್ರಾನ್ಸ್‌ಫರ್ ಕೇಸಿನಿಂದ ಬರುವುದರಿಂದ 60 ತೋರಿಸಿದಾಗ ಓಡುತ್ತಿರುವುದು 66ರಲ್ಲಿ.

43-8ರ ಜೋಡಿಗೆ ಗ್ರೀಸ್ ಬಳಿದು, ಗೋಣಿಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ. ನನ್ನ ತಮ್ಮ, ತೋಟದ ಕೆಲಸಕ್ಕೆಂದೇ ಒಂದು ಜೀಪು ಹುಡುಕುತ್ತಿದ್ದಾನೆ. ಅವನು ಘಟ್ಟ ಇಳಿಯುವವನಲ್ಲ, ಅವನಿಗೆ ಅದೇ ಸರಿ.