ಕಬ್ಬು ಯಾರಿಗೆ ಕೊಡೋಣ: ಸಹಕಾರಿ ಸಕ್ಕರೆ ಕಾರ್ಖಾನೆಗೋ, ಖಾಸಗಿಗೋ?

ಮುಧೋಳ, ಜಮಖಂಡಿ, ಗೋಕಾಕ ಕಡೆಯ ರೈತರು ಪ್ರತಿ ಹಂಗಾಮಿಗೂ ಕೇಳುವ ಪ್ರಶ್ನೆ ಇದು.

ಮೊದಲು ದರ. ಕೇಂದ್ರದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರ, ಇಬ್ಬರಿಗೂ ಒಂದೇ. 2025-26ಕ್ಕೆ ಶೇ 10.25 ಇಳುವರಿಗೆ (ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ) ಕ್ವಿಂಟಲ್‌ಗೆ 355 ರೂಪಾಯಿ. ಕೇಳೋಕೆ ಚೆನ್ನಾಗಿದೆ, ಆದರೆ ಕಟಾವು, ಸಾಗಾಣಿಕೆ ಖರ್ಚು ಅದರಲ್ಲೇ ಮುರಿಯುತ್ತಾರೆ, ತೂಕ ಮಾಡೋದೂ ಇಳುವರಿ ಲೆಕ್ಕ ಹಾಕೋದೂ ಕಾರ್ಖಾನೆಯವರೇ, ಹಾಗಾಗಿ ಬೋರ್ಡ್ ಮೇಲಿನ ದರ ಬಿಡಿ, ಕಳೆದ ವರ್ಷ ಪಕ್ಕದ ಹೊಲದವರ ಖಾತೆಗೆ ಎಷ್ಟು ಬಿತ್ತು ಅಂತ ಕೇಳಿ.

ಸಹಕಾರಿಯಲ್ಲಿ ಷೇರು ಇದ್ದರೆ ನಿಮಗೊಂದು ಮತ. ಎರಡೆಕರೆಯವರಿಗೂ ಇಪ್ಪತ್ತೆಕರೆಯವರಿಗೂ ಅದೇ ಒಂದು. ಸಭೆಯಲ್ಲಿ ಲೆಕ್ಕ ಕೇಳಬಹುದು. ಆಡಳಿತ ಮಂಡಳಿ ಹಲವು ಕಡೆ ರಾಜಕಾರಣಿಗಳ ಕೈಯಲ್ಲೇ ಇರುತ್ತೆ, ಅದು ಬೇರೆ ಮಾತು.

ಖಾಸಗಿಯವರು ಸಕ್ಕರೆಯ ಜೊತೆ ಎಥನಾಲ್, ವಿದ್ಯುತ್ತೂ ಮಾರುತ್ತಾರೆ. ದುಡ್ಡಿನ ಬಲ ಜಾಸ್ತಿ. ಆದರೆ ಒಬ್ಬರೇ ಹೋಗಿ ಚೌಕಾಸಿ ಮಾಡೋಕಾಗುತ್ತಾ? 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಸಾವಿರಾರು ರೈತರು ಧರಣಿ ಕೂತ ಮೇಲೇ ಕಟಾವು, ಸಾಗಾಣಿಕೆ ಖರ್ಚು ಬಿಟ್ಟು ಟನ್‌ಗೆ 3,300 ರೂಪಾಯಿ ಘೋಷಣೆಯಾಯಿತು.

ಕಡಿಯುವ ಗ್ಯಾಂಗ್ ವಿಷಯದಲ್ಲಿ ಇಬ್ಬರೂ ಅಷ್ಟೇ. ಮುಂಗಡ ಪಡೆದು ಮಹಾರಾಷ್ಟ್ರದಿಂದ ಬರುವ ಗಂಡ-ಹೆಂಡತಿ ಆ ಸಾಲ ತೀರಿಸೋಕೇ ಇಡೀ ಹಂಗಾಮು ದುಡಿಯುತ್ತಾರೆ.

ಕಬ್ಬು ಕೊಟ್ಟ 14 ದಿನದಲ್ಲಿ ಬಿಲ್ಲಿನ ಹಣ ಬರಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ. ಇದು 1966ರ ಕಬ್ಬು ನಿಯಂತ್ರಣ ಆದೇಶ. ನನ್ನನ್ನು ಕೇಳಿದರೆ, ಷೇರು ಇದ್ದು ಬಿಲ್ಲು ಸರಿಯಾಗಿ ಬರ್ತಿದ್ದರೆ ಸಹಕಾರಿ. ಬಾಕಿ ಉಳಿಸಿಕೊಂಡಿದ್ದರೆ ಸುಮ್ನೆ ಅಭಿಮಾನ ಬೇಡ, ಖಾಸಗಿಗೇ ಕಳಿಸಿ.