ಶಹಾಬಾದ್ ಬಿಸಿಲಿನಲ್ಲಿ ಮೂರು ಬೇಸಿಗೆ: ನನ್ನ ಗೇಮಿಂಗ್ ಲ್ಯಾಪ್‌ಟಾಪ್

2022ರ ಫೆಬ್ರುವರಿಯಲ್ಲಿ ಇದು ಮನೆಗೆ ಬಂತು. ಆ ವರ್ಷದ ತೊಗರಿ ಮಾರಿದ ದುಡ್ಡಿನಲ್ಲಿ ಅಪ್ಪ 70 ಸಾವಿರ ತೆಗೆದಿಟ್ಟಿದ್ದರು. ಅದರ ಮೇಲೆ ಒಂದು ರೂಪಾಯಿ ಇರಲಿಲ್ಲ. ನಾನು ಆಗ ಮೆಕ್ಯಾನಿಕಲ್ ಎರಡನೇ ವರ್ಷದಲ್ಲಿದ್ದೆ. ಯಂತ್ರದ ಭಾಗಗಳ 3ಡಿ ಡ್ರಾಯಿಂಗ್ ಮಾಡುವ ಸಾಫ್ಟ್‌ವೇರ್ ಸಾಲಿಡ್‌ವರ್ಕ್ಸ್ ತಡವರಿಸದೆ ಓಡಬೇಕು, ರಾತ್ರಿ ಗೆಳೆಯರ ಜೊತೆ ಒಂದು ಆಟವಾದರೂ ಆಡಬೇಕು. ಹುಡುಕಿ ಹುಡುಕಿ ಕೊನೆಗೆ ಆರ್‌ಟಿಎಕ್ಸ್ 3050 ಎಂಬ ಗ್ರಾಫಿಕ್ಸ್ ಚಿಪ್ ಇರುವುದನ್ನು ಆರಿಸಿದೆ.

ಕೊಳ್ಳುವವರು ಒಂದು ವಿಷಯ ನೋಡಲೇಬೇಕು. 3050 ಅನ್ನೋ ಒಂದೇ ಹೆಸರಿನಲ್ಲಿ 35 ವ್ಯಾಟ್‌ನದ್ದೂ ಬರುತ್ತದೆ, 80 ವ್ಯಾಟ್‌ನದ್ದೂ ಬರುತ್ತದೆ. ವ್ಯಾಟ್ ಕಡಿಮೆ ಆದರೆ ವೇಗವೂ ಕಡಿಮೆ. ನಾನು ಕೇಳಿದ ಅಂಗಡಿಗಳಲ್ಲಿ ‘4 ಜಿಬಿ ಗ್ರಾಫಿಕ್ಸ್’ ಎಂದಷ್ಟೇ ಹೇಳಿದರು. ಕಂಪನಿಯ ವೆಬ್‌ಸೈಟಿನಲ್ಲಿ ವ್ಯಾಟ್ ನೋಡಿಕೊಂಡೇ ಹೋಗಿ. ಉಳಿದ ಲೆಕ್ಕವೆಲ್ಲ ಡಬ್ಬಿಯ ಮೇಲೇ ಇರುತ್ತದೆ.

ಮೊದಲ ಎರಡು ತಿಂಗಳು ಬಹಳ ಖುಷಿಯಾಗಿತ್ತು. ಏಪ್ರಿಲ್ ಬಂತು ನೋಡಿ, ಖುಷಿಯೆಲ್ಲ ಇಳಿಯಿತು.

ನಮ್ಮ ಕಡೆ ಮೇ ತಿಂಗಳ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಮಧ್ಯಾಹ್ನ ಕೋಣೆಯ ಒಳಗೂ ಗಾಳಿ ಬಿಸಿ. ಲ್ಯಾಪ್‌ಟಾಪಿನ ಫ್ಯಾನ್ ಎಷ್ಟು ಜೋರಾಗಿ ತಿರುಗಿದರೂ ಆ ಬಿಸಿ ಗಾಳಿಯನ್ನೇ ತಾನೆ ಒಳಗೆ ಎಳೆಯುವುದು? ಪ್ರೊಸೆಸರ್ 95 ಡಿಗ್ರಿಗೆ ಹೋಗುತ್ತಿತ್ತು. ಅಷ್ಟು ಕಾದರೆ ಅದು ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ಒಂದು ಗೇರ್‌ಬಾಕ್ಸ್ ಜೋಡಣೆ ತಿರುಗಿಸಿ ನೋಡಲು ಹೋದರೆ ಪರದೆ ತಡೆತಡೆದು ಹೊರಳುತ್ತಿತ್ತು. ಸದ್ದಂತೂ ಕೇಳಲೇಬೇಡಿ. ‘ಏನಪಾ ಇದು, ಗಿರಣಿ ಚಾಲೂ ಮಾಡಿದಂಗ ಆತಲ್ಲ!’ ಅಂತ ಅವ್ವ ಅಡುಗೆಮನೆಯಿಂದಲೇ ಕೂಗುತ್ತಿದ್ದಳು. ಕಸ್ಟಮರ್ ಕೇರ್‌ಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ‘ಎಸಿ ರೂಮಿನಲ್ಲಿ ಬಳಸಿ ಸರ್’ ಎಂಬ ಉತ್ತರ. ನಮ್ಮಂಥವರ ಮನೆಯಲ್ಲಿ ಎಸಿ ಎಲ್ಲಿಂದ ಬರಬೇಕು? ಆ ಮಾತಿಗೆ ನನಗೆ ಇವತ್ತಿಗೂ ಸಿಟ್ಟಿದೆ. ಇಂಥ ಊರುಗಳಲ್ಲೂ ಮಾರುತ್ತೀರಿ ಅಂದಮೇಲೆ ಇಂಥ ಊರುಗಳ ಬಿಸಿಲಿಗೂ ತಯಾರು ಮಾಡಬೇಕು, ಅಲ್ವಾ?

ತಪ್ಪು ನನ್ನ ಕಡೆಯೂ ಇತ್ತು. ಕೌದಿಯ ಮೇಲೆ ಇಟ್ಟುಕೊಂಡು ಕೆಲಸ ಮಾಡುತ್ತಿದ್ದೆ. ಗಾಳಿ ಎಳೆಯುವ ಜಾಲರಿ ಇರುವುದು ಅಡಿಯಲ್ಲಿ. ಮೆತ್ತನೆ ಬಟ್ಟೆ ಅದನ್ನು ಪೂರ್ತಿ ಮುಚ್ಚಿಬಿಡುತ್ತದೆ.

ಒಂದು ದಿನ ಹಿತ್ತಲಲ್ಲಿ ಬಿದ್ದಿದ್ದ ಹಾಸುಗಲ್ಲಿನ ತುಂಡು ಕಣ್ಣಿಗೆ ಬಿತ್ತು. ನಮ್ಮೂರಲ್ಲಿ ಶಹಾಬಾದ್ ಕಲ್ಲಿಗೇನು ಬರ? ತೊಳೆದು ಒಳಗೆ ತಂದೆ. ಅಂದಿನಿಂದ ನನ್ನ ಬೆಳಗು ಹೀಗೆ: ಐದು ಗಂಟೆಗೆ ಏಳುತ್ತೇನೆ. ಕಲ್ಲನ್ನು ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗುವವರೆಗೆ ಚಹಾ ಕುಡಿಯುತ್ತೇನೆ. ಲ್ಯಾಪ್‌ಟಾಪಿನ ಹಿಂಭಾಗದ ಅಡಿಗೆ ಬಾಟಲಿಯ ಎರಡು ಮುಚ್ಚಳ ಇಟ್ಟು ಎತ್ತರ ಮಾಡುತ್ತೇನೆ. ರಾತ್ರಿಯ ತಂಪು ಕಲ್ಲಿನಲ್ಲಿ ಇನ್ನೂ ಉಳಿದಿರುತ್ತದೆ. ಅಂಗೈ ಇಟ್ಟು ಆ ತಂಪು ನೋಡುವುದೇ ಒಂದು ಸುಖ. ಎಂಟು ಗಂಟೆಯೊಳಗೆ ದೊಡ್ಡ ರೆಂಡರ್ (ಡ್ರಾಯಿಂಗನ್ನು ನೈಜ ಚಿತ್ರವಾಗಿಸುವ ಕೆಲಸ) ಎಲ್ಲ ಮುಗಿದಿರುತ್ತದೆ, ಫ್ಯಾನ್ ಸದ್ದು ಅರ್ಧಕ್ಕೆ ಇಳಿದಿರುತ್ತದೆ.

ಇನ್ನೊಂದು ಉಪಾಯ ಪುಕ್ಕಟೆ ಇದೆ. ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರಿನ ಗರಿಷ್ಠ ಮಿತಿಯನ್ನು ಶೇಕಡಾ 100ರಿಂದ 99ಕ್ಕೆ ಇಳಿಸಿದೆ. ಸುಮ್ನೆ ಒಂದು ಅಂಕಿ ಅನಿಸುತ್ತದೆ, ಆದರೆ ಅದರಿಂದ ಟರ್ಬೊ ಬೂಸ್ಟ್, ಅಂದರೆ ಪ್ರೊಸೆಸರ್ ತಾನಾಗಿಯೇ ಮಾಮೂಲಿಗಿಂತ ವೇಗ ಏರಿಸಿಕೊಳ್ಳುವುದು, ನಿಲ್ಲುತ್ತದೆ. ನನ್ನದರಲ್ಲಿ ಬಿಸಿ 15 ಡಿಗ್ರಿಯಷ್ಟು ಇಳಿಯಿತು. ವೇಗ ಸ್ವಲ್ಪ ಕಡಿಮೆ ಆಯಿತು, ಡ್ರಾಯಿಂಗ್ ಕೆಲಸಕ್ಕೆ ಅದು ಗೊತ್ತೇ ಆಗಲಿಲ್ಲ. ಮಧ್ಯಾಹ್ನ ನೀರಿನ ಕೂಲರ್ ಹಾಕುತ್ತೇವೆ. ನಮ್ಮದು ಒಣ ಬಿಸಿಲು, ಹಾಗಾಗಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅದರ ಎದುರಿಗೇ ಲ್ಯಾಪ್‌ಟಾಪ್ ಇಡಬೇಡಿ, ಹನಿ ಸಿಡಿಯುತ್ತದೆ.

ಧೂಳು ಬೇರೆ. ಕಲ್ಲು ಪಾಲಿಶ್ ಮಾಡುವ ಕಡೆಯಿಂದ ಬರುವ ಬಿಳಿ ಪುಡಿ ಎಲ್ಲೆಲ್ಲೂ ಕೂರುತ್ತದೆ. ಅಮಾವಾಸ್ಯೆಗೆ ಅಪ್ಪ ಗಾಡಿ ತೊಳೆದು ಪೂಜೆ ಮಾಡುವಾಗ ನಾನು ಪೇಂಟಿಂಗ್ ಬ್ರಷ್‌ನಿಂದ ಜಾಲರಿ ಉಜ್ಜುತ್ತೇನೆ. ವಾರಂಟಿ ಮುಗಿದ ಮೇಲೆ ಒಂದು ಸಲ ಬಿಚ್ಚಿಸಿ, ಪ್ರೊಸೆಸರಿನ ಬಿಸಿಯನ್ನು ಹೊರಗೆ ಸಾಗಿಸಲು ಹಚ್ಚುವ ಥರ್ಮಲ್ ಪೇಸ್ಟ್ ಹೊಸದು ಹಾಕಿಸಿದೆ. ಅದಕ್ಕೆ ಕೊಟ್ಟ 600 ರೂಪಾಯಿಗೆ ಮೋಸವಿಲ್ಲ.

ರೈಲಿನಲ್ಲಿ ಕಲಬುರಗಿಗೆ ಹೊತ್ತೊಯ್ಯುವುದು ಮಾತ್ರ ಕಷ್ಟ. ಚಾರ್ಜರ್ ಸೇರಿ ಸುಮಾರು ಮೂರು ಕಿಲೋ. ಬ್ಯಾಟರಿಯನ್ನು ಶುರುವಿನಿಂದಲೂ ಶೇಕಡಾ 80ಕ್ಕಿಂತ ಜಾಸ್ತಿ ತುಂಬಿಸಿಲ್ಲ. ಕ್ಲಾಸಿನಲ್ಲಿ ಪರದೆಯ ಚಿತ್ರ ಸೆಕೆಂಡಿಗೆ ಬದಲಾಗುವ ಸಲವನ್ನು 144ರಿಂದ 60 ಹರ್ಟ್ಸ್‌ಗೆ ಇಳಿಸಿದರೆ ಈಗಲೂ ಎರಡೂವರೆ ತಾಸು ಬರುತ್ತದೆ. ಆಟ ಆಡುವುದಾದರೆ ಚಾರ್ಜರ್ ಹಚ್ಚಲೇಬೇಕು, ಕರೆಂಟ್ ಹೋದ ಕ್ಷಣ ವೇಗ ಬಿದ್ದುಹೋಗುತ್ತದೆ.

ಮೊದಲ ಬೇಸಿಗೆಯಲ್ಲಿ ಬರೆದಿದ್ದರೆ ಐದಕ್ಕೆ ಎರಡು ಕೊಡುತ್ತಿದ್ದೆ. ಈಗ ಕೊನೆಯ ಸೆಮಿಸ್ಟರ್, ಪ್ರಾಜೆಕ್ಟ್ ಪೂರ್ತಿ ಇದರಲ್ಲೇ ಮುಗಿಯಿತು. ನಾಲ್ಕು ಕೊಡುತ್ತೇನೆ. ಮುಂದಿನ ವರ್ಷ ತಮ್ಮ ಡಿಪ್ಲೊಮಾ ಸೇರುತ್ತಾನೆ, ಅವನಿಗೆ ಇದನ್ನೇ ಕೊಡುವುದು ಅಂತ ಮನೆಯಲ್ಲಿ ಮಾತಾಗಿದೆ. ಅವನು ಈಗಲೇ ಕಲ್ಲಿನ ಅಂಚು ಉಜ್ಜಿ ನುಣ್ಣಗೆ ಮಾಡುತ್ತಿದ್ದಾನೆ.