ಬೇಸಿಗೆಗೆ ಎಳನೀರೋ, ರಾಗಿ ಅಂಬಲಿಯೋ?

ತುಮಕೂರಿನ ಬಿಸಿಲಿನಲ್ಲಿ ಹೊಲ, ಕಟ್ಟಡ ಎಂದು ಹೊರಗೆ ದುಡಿಯುವವರು ರಾಗಿ ಅಂಬಲಿಯನ್ನೇ ಆರಿಸಿಕೊಳ್ಳುವುದು ಒಳ್ಳೆಯದೆಂಬುದು ನನ್ನ ದೃಢ ಅಭಿಪ್ರಾಯ. ಬೆವರಿನಲ್ಲಿ ಹೆಚ್ಚಾಗಿ ಹರಿದುಹೋಗುವ ಲವಣ ಸೋಡಿಯಂ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳವಾಗಿದ್ದರೂ ಸೋಡಿಯಂ ಕಡಿಮೆ. ರಾತ್ರಿ ಕಾಯಿಸಿಟ್ಟು, ಬೆಳಿಗ್ಗೆ ಮಜ್ಜಿಗೆ, ಉಪ್ಪು, ಸಣ್ಣಗೆ ಹೆಚ್ಚಿದ ಈರುಳ್ಳಿ, ಕರಿಬೇವು ಸೇರಿಸಿ ಕದಡಿದ ಅಂಬಲಿಯಾದರೋ ನೀರು, ಉಪ್ಪು ಎರಡನ್ನೂ ಒದಗಿಸಿ ಮಧ್ಯಾಹ್ನದವರೆಗೆ ಹಸಿವನ್ನೂ ತಡೆಯುತ್ತದೆ. ಖರ್ಚೂ ಕಡಿಮೆ.

ತಿಪಟೂರು ಸೀಮೆಯ ಎಳನೀರು ಊಟ ಸೇರದವರಿಗೆ, ಪ್ರಯಾಣದಲ್ಲಿರುವವರಿಗೆ ಅನುಕೂಲ: ಕೆತ್ತಿದ ಕೂಡಲೇ ಕುಡಿಯಬಹುದು. ಮೂತ್ರಪಿಂಡದ ಕಾಯಿಲೆಯಿರುವವರು ಮಾತ್ರ ವೈದ್ಯರನ್ನು ಕೇಳದೆ ಅದನ್ನು ಕುಡಿಯಬಾರದು. ರಕ್ತದೊತ್ತಡವಿರುವವರು ಅಂಬಲಿಗೆ ಹಾಕುವ ಉಪ್ಪನ್ನು ತಗ್ಗಿಸಬೇಕು. ಬೆಳಗಿನ ಅಂಬಲಿಯನ್ನು ಸಂಜೆಗೆಂದು ಹೊರಗೆ ಉಳಿಸುವುದು ಬೇಡ, ಸೆಕೆಗೆ ಅದು ಬೇಗ ಕೆಡುತ್ತದೆ.